ಬೇರೆಯವರು ಬೆರೆಸಿಕೊಟ್ಟ ಒಂದು ಲೋಟ ಕಾಫಿ

ಬೆಳಗಿನಿಂದ ರಾತ್ರಿವರೆಗೆ ನೀವು ಎಷ್ಟು ಲೋಟ ಕಾಫಿ ಬೆರೆಸುತ್ತೀರಿ, ಒಮ್ಮೆ ಎಣಿಸಿ ನೋಡಿ. ಮಾವನವರಿಗೆ ಆರು ಗಂಟೆಗೆ ಸಕ್ಕರೆ ಇಲ್ಲದ್ದು. ಅತ್ತೆಯವರಿಗೆ ಪೂಜೆ ಮುಗಿದ ಮೇಲೆ ಹಾಲು ಜಾಸ್ತಿ ಇರೋದು. ಯಜಮಾನರಿಗೆ ಪೇಪರ್ ಕೈಗೆ ಬರುವಷ್ಟರಲ್ಲಿ ಸ್ಟ್ರಾಂಗಾಗಿ ಒಂದು, ಸ್ನಾನ ಆದ ಮೇಲೆ ಇನ್ನೊಂದರ್ಧ. ಮನೆಕೆಲಸಕ್ಕೆ ಬರುವವರಿಗೆ ಒಂದು. ಹತ್ತು ಗಂಟೆಗೆ ಸುಮ್ಮನೆ ಇಣುಕಿದ ಪಕ್ಕದ ಮನೆಯವರಿಗೆ ಒಂದು. ಸಂಜೆ ಮತ್ತೆ ಅದೇ ಸುತ್ತು. ಸರಿ, ನಿಮ್ಮ ಕಾಫಿ? ಅದು ಗ್ಯಾಸ್ ಕಟ್ಟೆಯ ಮೂಲೆಯಲ್ಲಿ ಆರಿ ಕೆನೆ ಕಟ್ಟಿರುತ್ತದೆ. ಅದೂ ಎಷ್ಟೋ ಸಲ ಎರಡನೇ ಡಿಕಾಕ್ಷನ್ನಿನದು. ಮೊದಲನೆಯದೆಲ್ಲಾ ಬೇರೆಯವರ ಲೋಟಕ್ಕೆ ಹೋಗಿಬಿಟ್ಟಿರುತ್ತಲ್ಲ!

ಅದಕ್ಕೇ ಈ ಸಲ ಕಾಫಿ ಮಾಡೋದು ಹೇಗೆ ಅಂತ ಹೇಳೋಲ್ಲ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬೆಂಗಳೂರಿನಂಥ ದೊಡ್ಡ ಊರಿನಲ್ಲಿ ಬೇರೆಯವರು ಬೆರೆಸಿದ ಒಳ್ಳೆಯ ಕಾಫಿಯನ್ನು ಬಿಸಿ ಇರುವಾಗಲೇ, ನೆಮ್ಮದಿಯಾಗಿ ಕೂತು ಎಲ್ಲಿ ಕುಡಿಯಬಹುದು ಅನ್ನೋದನ್ನ ನೋಡೋಣ. ಹೋಟೆಲ್ ಕಾಫಿಯ ಬಗ್ಗೆ ಬರೆಯುವವರು ಹೆಚ್ಚಾಗಿ ಗಂಡಸರು. ‘ಆಹಾ, ಏನು ಘಮ, ಏನು ನೊರೆ’ ಅಂತ ಬರೆದು ಮುಗಿಸಿಬಿಡುತ್ತಾರೆ. ಅಲ್ಲಿ ಕೂರಲು ಕುರ್ಚಿ ಇದೆಯಾ, ಶೌಚಾಲಯ ಇದೆಯಾ, ಹೆಂಗಸೊಬ್ಬಳೇ ಹೋದರೆ ಹತ್ತು ನಿಮಿಷ ಸುಮ್ಮನಿರಲು ಬಿಡುತ್ತಾರಾ, ಇದ್ಯಾವುದನ್ನೂ ಬರೆಯೋದಿಲ್ಲ. ಅವರಿಗೆ ಅದು ಬೇಕಿರೋದಿಲ್ಲ ನೋಡಿ.

‘ಮನೇಲಿರೋ ಕಾಫಿಗೆ ಏನಾಗಿದೆ?’ ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕಾಫಿಗೆ ಏನೂ ಆಗಿಲ್ಲ, ಬೆರೆಸುವವಳಿಗೆ ಸಾಕಾಗಿದೆ ಅಂತ ನಗುತ್ತಲೇ ಹೇಳಿ, ಚಪ್ಪಲಿ ಮೆಟ್ಟಿಕೊಳ್ಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ನಮಗೆ ಟಿಕೆಟ್ ಖರ್ಚೂ ಇಲ್ಲ. ದರ್ಶಿನಿಯಲ್ಲಿ ಕಾಫಿ 20 ರೂಪಾಯಿ ಆಸುಪಾಸು. ಬೀಜದ ಬೆಲೆ 2024, 2025ರಲ್ಲಿ ಏರಿತು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲೂ ಲೀಟರಿಗೆ 4 ರೂಪಾಯಿ ಹೆಚ್ಚಾಯ್ತು. ಹಾಗಾಗಿ ಮೊದಲಿನ ಹತ್ತು ರೂಪಾಯಿ ಕಾಫಿ ಈಗಿಲ್ಲ. ಆದರೂ ಸೊಪ್ಪು ತರಕಾರಿಯಲ್ಲಿ ಉಳಿಸಿದ ಚಿಲ್ಲರೆಯಲ್ಲಿ ಆಗುವ ಐಷಾರಾಮ ಇದೊಂದೇ.

ಒಳ್ಳೆ ಕಾಫಿಯ ಗುರುತು

ಹೋಟೆಲಿನೊಳಗೆ ಹೋದ ತಕ್ಷಣ ಗಲ್ಲಾದಲ್ಲಿ ದುಡ್ಡು ಕೊಡಬೇಡಿ. ಒಂದು ನಿಮಿಷ ಕಾಫಿ ಬೆರೆಸುವ ಕಡೆ ನಿಂತು ನೋಡಿ. ಡಿಕಾಕ್ಷನ್ ಪಾತ್ರೆಯನ್ನು ಒಲೆಯ ಮೇಲಿಟ್ಟು ಕೊತಕೊತ ಕುದಿಸುತ್ತಿದ್ದರೆ ಬೇರೆ ಕಡೆ ನಡೆಯಿರಿ. ಡಿಕಾಕ್ಷನ್ ಕುದ್ದರೆ ಘಮ ಎಲ್ಲಾ ಹಾರಿಹೋಗಿ ಬರೀ ಕಹಿ ಉಳಿಯುತ್ತದೆ, ಮನೆಯಲ್ಲಿ ನಾವೇ ನೋಡಿರುತ್ತೇವೆ. ಬಲ್ಲವರು ಅದನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಬೆಚ್ಚಗಿಡುತ್ತಾರೆ, ಇಲ್ಲವೇ ಆಗಾಗ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಹಾಲೂ ಅಷ್ಟೇ. ಬೆಳಗಿನಿಂದ ಕಾದೂ ಕಾದೂ ಬಣ್ಣ ತಿರುಗಿದ ಹಾಲಿಗೆ ಎಂಥ ಡಿಕಾಕ್ಷನ್ ಹಾಕಿದರೂ ಪಾಯಸದ ವಾಸನೆಯೇ ಬರೋದು. ಜನ ಜಾಸ್ತಿ ಇರುವ ಕಡೆ, ಜನ ಜಾಸ್ತಿ ಇರುವ ಹೊತ್ತಿನಲ್ಲಿ ಕಾಫಿ ಚೆನ್ನಾಗಿರೋದು ಇದಕ್ಕೇ. ಅಲ್ಲಿ ಯಾವುದೂ ಹಳತಾಗಲು ಸಮಯವೇ ಇರೋದಿಲ್ಲ.

ಇನ್ನು ಚಿಕೋರಿಯ ವಿಷಯ. ಲೋಟದ ತುಂಬಾ ಗಟ್ಟಿ ಕಂದು ಬಣ್ಣ, ಬಾಯಿಗಿಟ್ಟರೆ ಕಹಿ, ಆದರೆ ಮೂಗಿಗೆ ಏನೂ ಇಲ್ಲ ಅಂದರೆ ಅದು ಚಿಕೋರಿಯ ಪ್ರತಾಪ. ಚಿಕೋರಿ ಅಂದರೆ ವಿಷ ಏನಲ್ಲ, ಹುರಿದು ಪುಡಿ ಮಾಡಿದ ಒಂದು ಗಿಡದ ಬೇರು. ಅದರಲ್ಲಿ ಕೆಫೀನ್ ಇರೋದಿಲ್ಲ. ಹದವಾಗಿ ಬಿದ್ದರೆ ಡಿಕಾಕ್ಷನ್ನಿಗೆ ಮೈ ಕೊಡುತ್ತದೆ, ನಮ್ಮ ಕಡೆಯ ನಾಲಿಗೆಗೆ ಅದು ಒಗ್ಗಿಯೂ ಹೋಗಿದೆ. ಆದರೆ ಕಾಫಿಗಿಂತ ಅಗ್ಗ ಅಂತ ಸುರಿದುಬಿಟ್ಟರೆ? ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಭಾಗ ಇರಲೇಬೇಕು, ಯಾವುದು ಎಷ್ಟಿದೆ ಅನ್ನೋದನ್ನು ಪೊಟ್ಟಣದ ಮೇಲೆ ಬರೆಯಲೇಬೇಕು. ನಿಮ್ಮ ಮನೆಯ ಪೊಟ್ಟಣವನ್ನು ಇವತ್ತೇ ತಿರುಗಿಸಿ ನೋಡಿ. ಎಷ್ಟೋ ಜನ ವರ್ಷಗಟ್ಟಲೆ ಅರ್ಧಕ್ಕರ್ಧ ಚಿಕೋರಿ ಕುಡಿಯುತ್ತಾ ‘ನಮ್ಮನೇದು ಪಕ್ಕಾ ಫಿಲ್ಟರ್ ಕಾಫಿ’ ಅಂತ ಹೇಳಿಕೊಳ್ಳುತ್ತಿರುತ್ತಾರೆ. ಬಿಡಿ ಪುಡಿ ತಂದಿದ್ದರೆ ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು ಮೇಲೆ ಒಂದು ಚಿಟಿಕೆ ಉದುರಿಸಿ. ಕಾಫಿ ತೇಲುತ್ತದೆ, ಚಿಕೋರಿ ಬಣ್ಣದ ಗೆರೆ ಬಿಡುತ್ತಾ ಕೆಳಗಿಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರವೇ ಮನೆಮಂದಿಗೆ ಹೇಳಿಕೊಟ್ಟಿರುವ ಪರೀಕ್ಷೆ ಇದು.

ಸಕ್ಕರೆಯನ್ನು ಮೊದಲೇ ಹಾಕಿಬಿಡುವ ಹೋಟೆಲುಗಳು ಬೇಕಾದಷ್ಟಿವೆ. ದುಡ್ಡು ಕೊಡುವಾಗಲೇ ‘ಸಕ್ಕರೆ ಹಾಕ್ಬೇಡಿ’ ಅಂತ ಹೇಳಿ, ಕೌಂಟರಿನಲ್ಲಿ ಟೋಕನ್ ಇಡುವಾಗ ಇನ್ನೊಮ್ಮೆ ಹೇಳಿ. ಒಂದೇ ಸಲ ಹೇಳಿದರೆ ಕೇಳಿಸಿರೋದಿಲ್ಲ. ಸ್ಟೀಲ್ ಲೋಟದಲ್ಲೇ ಕೇಳಿ. ಖರಗ್‌ಪುರದ ಐಐಟಿಯವರು 2020ರಲ್ಲಿ ಪರೀಕ್ಷೆ ಮಾಡಿದಾಗ, ಪೇಪರ್ ಕಪ್ಪಿನಲ್ಲಿ ಬಿಸಿ ಪಾನೀಯ 15 ನಿಮಿಷ ಇದ್ದರೆ ಒಳಗಿನ ತೆಳು ಪ್ಲಾಸ್ಟಿಕ್ ಪದರದಿಂದ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರೊಳಗೆ ಸೇರುತ್ತವೆ ಅಂತ ಕಂಡುಬಂತು. ಲೋಟ ತೊಳೆದಿದ್ದಾರೋ ಇಲ್ಲವೋ ಅನ್ನುವ ಅನುಮಾನವಾ? ಕುದಿಯುವ ನೀರಿನಲ್ಲಿ ಲೋಟಗಳನ್ನು ಮುಳುಗಿಸಿಟ್ಟಿರುವ ಹೋಟೆಲುಗಳಿವೆ, ಅಂಥದ್ದನ್ನು ನೋಡಿಕೊಳ್ಳಿ. ಇಲ್ಲವೇ ಬ್ಯಾಗಿನಲ್ಲಿ ಒಂದು ಪುಟ್ಟ ಲೋಟ ಇಟ್ಟುಕೊಂಡರಾಯಿತು. ಮೊದಲ ಸಲ ನಾಚಿಕೆ ಆಗುತ್ತೆ, ಎರಡನೇ ಸಲ ಆಗೋಲ್ಲ.

ಬಸವನಗುಡಿಯಿಂದ ಶುರು ಮಾಡೋಣ

ಕಾಫಿ ಅಂದರೆ ನನ್ನ ಮಟ್ಟಿಗೆ ಮೊದಲು ಬಸವನಗುಡಿ, ಶಂಕರಪುರ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಹೆಚ್ಚು ಕಡಿಮೆ ಅಷ್ಟೇ. ಸಾಂಬಾರ್ ಕೇಳಬೇಡಿ, ಇಲ್ಲ; ಚಟ್ನಿ ಎಷ್ಟು ಸಲ ಬೇಕಾದರೂ ಹಾಕಿಸಿಕೊಳ್ಳಿ. ಕಾಫಿ ಚಿಕ್ಕದು, ಗಟ್ಟಿ, ಕೈ ಸುಡುವಷ್ಟು ಬಿಸಿ. ಆದರೆ ಇಲ್ಲಿ ನಿಂತೇ ಕುಡಿಯಬೇಕು. ನಡೆಯೋಕೆ, ನಿಲ್ಲೋಕೆ ತೊಂದರೆ ಇಲ್ಲದವರಿಗೆ ಸ್ವರ್ಗ. ಮಂಡಿನೋವಿನ ಅತ್ತೆಯನ್ನೋ ಅಮ್ಮನನ್ನೋ ಕರೆದುಕೊಂಡು ಹೋದರೆ ಅವರು ಎದುರಿನ ಕಟ್ಟೆ ಹುಡುಕಬೇಕಾಗುತ್ತದೆ.

ಅಂಥವರ ಜೊತೆಗಿದ್ದರೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗಿ. 1943ರಲ್ಲಿ ಶುರುವಾದದ್ದು. ಹತ್ತಾರು ದೋಸೆ ತಟ್ಟೆಗಳನ್ನು ತೋಳಿನ ಮೇಲೆ ಪೇರಿಸಿಕೊಂಡು ಬರುವ ಮಾಣಿಗಳನ್ನು ನೋಡೋದೇ ಒಂದು ಚಂದ. ಬೆಂಚಿದೆ, ಮೇಜಿದೆ, ಗೋಡೆಯ ಮೇಲೆ ಸಾಹಿತಿಗಳ ಚಿತ್ರಗಳಿವೆ. ಶನಿವಾರ, ಭಾನುವಾರ ಮಾತ್ರ ಬೇಡವೇ ಬೇಡ. ಹೆಸರು ಬರೆಸಿ ಫುಟ್‌ಪಾತ್ ಮೇಲೆ ಅರ್ಧ ಗಂಟೆ ನಿಂತು, ಒಳಗೆ ಹೋದರೆ ಹಿಂದೆ ಕಾಯುತ್ತಿರುವವರ ಕಣ್ಣು ನಮ್ಮ ತಟ್ಟೆಯ ಮೇಲೇ. ಹಾಗೆ ಕುಡಿದ ಕಾಫಿ ಗಂಟಲಿಗೆ ಇಳಿಯುತ್ತಾ? ವಾರದ ಮಧ್ಯೆ, ಮಧ್ಯಾಹ್ನ ಮೂರರ ಹೊತ್ತಿಗೆ, ಮಕ್ಕಳು ಶಾಲೆಯಿಂದ ಬರುವ ಮುಂಚೆ ಹೋಗಿಬನ್ನಿ. ಗಾಂಧಿ ಬಜಾರಿನಲ್ಲಿ ಹೂವು ತಗೊಂಡ ಹಾಗೂ ಆಯ್ತು. ಮೆಟ್ರೊದಲ್ಲಿ ಬರುವವರು ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಎರಡೂ ಕಡೆಗೆ ಸ್ವಲ್ಪ ನಡಿಗೆ, ಇಲ್ಲವೇ ಒಂದು ಆಟೊ. ನಿಲ್ದಾಣದ ಶೌಚಾಲಯವನ್ನು ಅಲ್ಲೇ ಉಪಯೋಗಿಸಿಕೊಂಡು ಹೊರಡಿ ಅನ್ನೋದು ನನ್ನ ಸಲಹೆ.

ಲಾಲ್‌ಬಾಗ್ ರಸ್ತೆಯ ಎಂಟಿಆರ್ ಬಗ್ಗೆ ಬೇರೆ ಹೇಳಬೇಕಾ? 1924ರಲ್ಲಿ ಶುರುವಾಗಿ 2024ಕ್ಕೆ ನೂರು ತುಂಬಿತು. ರವೆ ಇಡ್ಲಿ ಹುಟ್ಟಿದ್ದು ಇಲ್ಲೇ ಅಂತಾರೆ, ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ. ಒಂದು ಕಾಲಕ್ಕೆ ಗಿರಾಕಿಗಳು ಅಡುಗೆಮನೆ ಹಾದುಕೊಂಡೇ ಒಳಗೆ ಹೋಗುವ ಹಾಗೆ ಮಾಡಿದ್ದರಂತೆ, ಎಷ್ಟು ಶುಭ್ರವಾಗಿದೆ ಅನ್ನೋದು ಎಲ್ಲರಿಗೂ ಕಾಣಲಿ ಅಂತ. ಬೆಳ್ಳಿ ಲೋಟದಲ್ಲಿ ಕಾಫಿ ಕೊಡುತ್ತಿದ್ದುದನ್ನು ಈಗಲೂ ನೆನೆಸಿಕೊಳ್ಳುವ ಹಿರಿಯರಿದ್ದಾರೆ. ಕೂತು ತಿನ್ನುವ ಹೋಟೆಲು, ವಯಸ್ಸಾದವರಿಗೆ ಅನುಕೂಲ. ಮಧ್ಯಾಹ್ನ ಊಟದ ಹೊತ್ತು, ಆಗ ಕಾಫಿ ಅಂತ ಹೋದರೆ ಪ್ರಯೋಜನವಿಲ್ಲ. ಬೆಳಗ್ಗೆ ಲಾಲ್‌ಬಾಗಿನಲ್ಲಿ ಒಂದು ಸುತ್ತು ಹಾಕಿ ಏಳರೊಳಗೆ ಹೋಗುವುದು ಹಳೇ ಬೆಂಗಳೂರಿಗರ ಪದ್ಧತಿ. ಆದರೆ ಏಳು ಗಂಟೆಗೆ ಡಬ್ಬಿ ಕಟ್ಟುವ ಕೈಗೆ ಅದೆಲ್ಲಿ ಸಾಧ್ಯ? ನಮಗೆ ಸಂಜೆ ನಾಲ್ಕೇ ಸರಿ.

ಮಲ್ಲೇಶ್ವರದವರು ‘ನಮ್ಮ ಕಡೆ ಯಾಕೆ ಬರಲಿಲ್ಲ’ ಅಂತ ಆಗಲೇ ಮುಖ ಊದಿಸಿಕೊಂಡಿರುತ್ತೀರಿ. 8ನೇ ಕ್ರಾಸಿನಲ್ಲಿ ಫಾಲ್, ಬ್ಲೌಸ್ ಪೀಸ್ ಎಲ್ಲಾ ತಗೊಂಡು ಸುಸ್ತಾದ ಮೇಲೆ ಏಳನೇ ಕ್ರಾಸಿನ ಸಿಟಿಆರ್‌ನಲ್ಲಿ ಕೂರಬಹುದು. ಬೆಣ್ಣೆ ದೋಸೆಗೆ ಹೆಸರುವಾಸಿ, ಆದರೆ ಬರೀ ಕಾಫಿಗೂ ಹೋಗಬಹುದು. 15ನೇ ಕ್ರಾಸಿನ ವೀಣಾ ಸ್ಟೋರ್ಸ್ ಕಾಫಿ ಅದಕ್ಕಿಂತ ಒಂದು ಕೈ ಮೇಲು ಅನ್ನೋದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ! ಅಲ್ಲೂ ನಿಂತೇ ಕುಡಿಯಬೇಕು. ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನ ಮಾತ್ರ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಅಮ್ಮ-ಮಗಳು ಗಂಟೆಗಟ್ಟಲೆ ಕೂತು ಮದುವೆ ಮಾತಾಡಲು ಹೇಳಿ ಮಾಡಿಸಿದ ಹಾಗಿತ್ತು ಆ ಜಾಗ. ಅಂಥ ದೊಡ್ಡ, ಗಾಳಿ ಬೆಳಕಿನ, ಆತುರವಿಲ್ಲದ ಹೋಟೆಲುಗಳು ಒಂದೊಂದಾಗಿ ಹೋಗಿ, ಅವುಗಳ ಜಾಗದಲ್ಲಿ ನಿಂತು ತಿನ್ನುವ ಕಟ್ಟೆಗಳು ಬರುತ್ತಿರುವುದು ಯಾರಿಗೆ ನಷ್ಟ ಹೇಳಿ? 1980ರ ದಶಕದಲ್ಲಿ ದರ್ಶಿನಿಗಳು ಬಂದಾಗ ಅಗ್ಗ, ಬೇಗ, ಶುಚಿ ಅಂತ ಎಲ್ಲರೂ ಮೆಚ್ಚಿದರು, ಸರಿಯೇ. ಆದರೆ ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಬಿಸಿ ಲೋಟ ಹಿಡಿದು ಎದೆಯೆತ್ತರದ ಮೇಜಿನ ಮುಂದೆ ನಿಂತವಳನ್ನು ಯಾರೂ ಕೇಳಲಿಲ್ಲ.

ಒಬ್ಬಳೇ ಹೋಗುವುದು

ಹಳೆಯ ಹೋಟೆಲುಗಳಲ್ಲಿ ‘ಫ್ಯಾಮಿಲಿ ರೂಂ’ ಅಂತ ಇರುತ್ತಿತ್ತು, ನೆನಪಿದೆಯಾ? ಒಂದು ಪರದೆ, ಒಳಗೆ ಎರಡು ಮೇಜು, ಗಾಳಿ ಇಲ್ಲ, ಪಕ್ಕದಲ್ಲೇ ಕೈ ತೊಳೆಯುವ ತೊಟ್ಟಿ. ಹೆಂಗಸರು ಅಂದರೆ ಅಲ್ಲಿಗೆ. ಪರದೆ ಈಗ ಹೋಗಿದೆ. ಮನಸ್ಸಿನದು ಪೂರ್ತಿ ಹೋಗಿಲ್ಲ. ಕೆಲವು ವರ್ಷದ ಹಿಂದೆ ನಾನೊಂದು ಹೋಟೆಲಿನಲ್ಲಿ (ಹೆಸರು ಬೇಡ) ಒಬ್ಬಳೇ ಹೋಗಿ ಕೂತೆ. ‘ಇನ್ನೂ ಯಾರಾದ್ರೂ ಬರ್ತಾರಾ ಮೇಡಂ?’ ಅಂತ ಮಾಣಿ ಕೇಳಿದ. ಇಲ್ಲ ಅಂದೆ. ಐದು ನಿಮಿಷಕ್ಕೆ ಮತ್ತೆ ಕೇಳಿದ. ಮೂರನೇ ಸಲ ಕೇಳದೆ ಬಿಲ್ಲನ್ನೇ ತಂದಿಟ್ಟ. ಲೋಟದಲ್ಲಿ ಇನ್ನೂ ಅರ್ಧ ಕಾಫಿ ಇತ್ತು. ಅದೇ ಸಾಲಿನಲ್ಲಿ ಇಬ್ಬರು ಗಂಡಸರು ಬೈಟೂ ಕಾಫಿ ಮುಗಿಸಿ ಮುಕ್ಕಾಲು ಗಂಟೆಯಿಂದ ರಾಜಕೀಯ ಮಾತಾಡುತ್ತಿದ್ದರು. ಅವರಿಗೆ ಬಿಲ್ಲು ಹೋಗಿರಲಿಲ್ಲ!

ಅದಾದ ಮೇಲೆ ನಾನೊಂದು ಪಾಠ ಇಟ್ಟುಕೊಂಡಿದ್ದೇನೆ. ಒಳಗೆ ಹೋಗುತ್ತಲೇ ಗಲ್ಲಾದಲ್ಲಿ ಕೂತವರಿಗೆ ಕೇಳಿಸುವಂತೆ, ‘ಒಬ್ಬಳೇ ಇದೀನಿ, ಒಂದು ಕಾಫಿ, ಸ್ವಲ್ಪ ಹೊತ್ತು ಕೂತಿರ್ತೀನಿ’ ಅಂದುಬಿಡುವುದು. ತಪ್ಪಿತಸ್ಥಳ ಹಾಗೆ ಫೋನ್ ಒತ್ತುತ್ತಾ, ಯಾರನ್ನೋ ಕಾಯುತ್ತಿರುವ ನಾಟಕ ಬೇಡ. ಮೇಜು ಆರಿಸುವಾಗ ಮೂಲೆ ಬೇಡ, ಕಿಟಕಿ ಪಕ್ಕ ಕೇಳಿ. ಜನ ಕಾಯುತ್ತಿರುವ ಹೊತ್ತಿನಲ್ಲಿ ಮಾತ್ರ ಯಾರೇ ಆಗಲಿ ಬೇಗ ಏಳುವುದು ನ್ಯಾಯ, ಅದನ್ನು ನಾವೂ ಪಾಲಿಸೋಣ.

ಕೂತಿರಲು ಬಿಡುವ ಜಾಗ ಬೇಕಿದ್ದರೆ ದಂಡು ಪ್ರದೇಶದ ಕಡೆ ಹೋಗಬೇಕು. ಎಂಜಿ ರಸ್ತೆಯಲ್ಲಿ 1959ರಿಂದ ಇದ್ದ ಇಂಡಿಯನ್ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂತು. ಇದು ಕಾರ್ಮಿಕರೇ ಸೇರಿ ನಡೆಸುವ ಸಹಕಾರ ಸಂಘದ್ದು. ಬಿಳಿ ಉಡುಪು, ತಲೆಗೆ ಪೇಟ ತೊಟ್ಟವರು ಪಿಂಗಾಣಿ ಕಪ್ಪಿನಲ್ಲಿ ಕಾಫಿ ತಂದಿಡುತ್ತಾರೆ. ರುಚಿ ನಮ್ಮ ದರ್ಶಿನಿಯ ಗಟ್ಟಿ ಕಾಫಿಯಂತಲ್ಲ, ಸ್ವಲ್ಪ ತೆಳು. ಆದರೆ ಪುಸ್ತಕ ತೆರೆದು ಕೂತರೆ ಯಾರೂ ನಿಮ್ಮತ್ತ ತಿರುಗಿಯೂ ನೋಡೋಲ್ಲ. ಪುಸ್ತಕದ ಅಂಗಡಿಗಳೂ ಅದೇ ಬೀದಿಯಲ್ಲಿವೆ. ಎಂಜಿ ರಸ್ತೆ ಮೆಟ್ರೊ ಇಳಿದರೆ ಹಿಂದಿನ ಬೀದಿ. ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ಕೂಡ ಹಾಗೇ. ದರ ಸ್ವಲ್ಪ ಮೇಲು, ಗಡಿಬಿಡಿ ಇಲ್ಲ.

ನಮ್ಮ ಬೀದಿಯಲ್ಲಿ ಒಬ್ಬರು ಆಂಟಿ ಇದ್ದಾರೆ, ಅರವತ್ತೆರಡು ವರ್ಷ. ಯಜಮಾನರು ಹೋದ ಮೇಲೆ ಮೂರು ವರ್ಷ ಹೋಟೆಲಿನ ಮೆಟ್ಟಿಲು ಹತ್ತಿರಲಿಲ್ಲ. ಅವರು ಇದ್ದಾಗ ಪ್ರತಿ ಭಾನುವಾರ ಇಬ್ಬರೂ ಹೋಗುತ್ತಿದ್ದರಂತೆ. ಹೋದ ಆಷಾಢದಲ್ಲಿ ನಾವು ನಾಲ್ಕು ಜನ ಬಲವಂತ ಮಾಡಿ ಕರೆದುಕೊಂಡು ಹೋದೆವು. ಮಾಣಿ ಬಂದು ‘ನಿಮಗೇನಮ್ಮಾ?’ ಅಂತ ಕೇಳಿದ. ಆಂಟಿ ನನ್ನ ಮುಖ ನೋಡಿದರು. ‘ನಲವತ್ತು ವರ್ಷ ಅವರೇ ಹೇಳ್ತಿದ್ದರು ಕಣಮ್ಮಾ. ನನಗೆ ಸ್ಟ್ರಾಂಗ್ ಇಷ್ಟಾನೋ ಲೈಟ್ ಇಷ್ಟಾನೋ ನನಗೇ ಗೊತ್ತಿಲ್ಲ’ ಅಂದರು. ನಾವ್ಯಾರೂ ಏನೂ ಹೇಳಲಿಲ್ಲ. ಮಾಣಿಯೇ, ವಯಸ್ಸಾದವರು, ‘ಒಂದು ಸ್ಟ್ರಾಂಗ್ ತರ್ತೀನಿ ಅಮ್ಮಾ, ಜಾಸ್ತಿ ಆಯ್ತು ಅಂದ್ರೆ ಹಾಲು ಹಾಕ್ಕೊಡ್ತೀನಿ’ ಅಂದ. ಆಂಟಿ ಹಾಲು ಕೇಳಲಿಲ್ಲ. ಈಗ ಅವರೇ ಗುರುವಾರ ಗುರುವಾರ ಫೋನ್ ಮಾಡುತ್ತಾರೆ, ‘ಹೊರಟ್ರಾ?’ ಅಂತ.

ಮಗಳು ಕೇಳುವ ಹಸಿರು ಪಾನೀಯ

ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ‘ಮಚ್ಚಾ’ ಅನ್ನೋ ಮಾತು ಕೇಳಿರುತ್ತೀರಿ. ನಮ್ಮ ಹುಡುಗರು ಒಬ್ಬರನ್ನೊಬ್ಬರು ಕರೆಯುವ ಮಚ್ಚಾ ಅಲ್ಲ, ಜಪಾನಿನ ಹಸಿರು ಚಹಾದ ಪುಡಿ. ಕೊಯ್ಲಿಗೆ ಸುಮಾರು ಮೂರು ವಾರ ಮುಂಚೆ ಗಿಡಗಳಿಗೆ ನೆರಳು ಕಟ್ಟಿ, ಎಲೆ ಬಿಡಿಸಿ, ಹಬೆಯಲ್ಲಿ ಬೇಯಿಸಿ ಒಣಗಿಸಿ, ನಾರು ತೆಗೆದು ಬೀಸುಕಲ್ಲಿನಲ್ಲಿ ಬೀಸುತ್ತಾರೆ. ಒಂದು ಕಲ್ಲು ಗಂಟೆಗೆ ಬೀಸೋದು ಸುಮಾರು 40 ಗ್ರಾಂ ಅಷ್ಟೇ! ಆಮೇಲೆ ದುಬಾರಿ ಆಗದೆ ಇರುತ್ತಾ? 2024ರ ಕೊನೆಯಲ್ಲಿ ಬೇಡಿಕೆ ಹೆಚ್ಚಾಗಿ, ಕ್ಯೋಟೊದ ಹೆಸರಾಂತ ಚಹಾ ಅಂಗಡಿಗಳೇ ಒಬ್ಬರಿಗೆ ಇಷ್ಟೇ ಅಂತ ಮಿತಿ ಹಾಕಿದವು. ಹೀಗಿರುವಾಗ ಇಲ್ಲಿಯ ಕೆಫೆಯಲ್ಲಿ 300 ರೂಪಾಯಿ ಆಸುಪಾಸಿಗೆ ಕೊಡುವುದು ಎಂಥದ್ದು ಅಂತ ನೋಡಿಕೊಳ್ಳಬೇಕು.

ನೋಡುವ ಕ್ರಮ ಕಾಫಿಯದೇ. ಪುಡಿ ಎಳೇ ಹುಲ್ಲಿನಂಥ ಹಸಿರಿರಬೇಕು. ಹಳದಿಗೋ ಕಂದಿಗೋ ತಿರುಗಿದ್ದರೆ ಹಳತು, ಇಲ್ಲವೇ ಕೆಳಮಟ್ಟದ್ದು. ಬಿದಿರಿನ ಕಡ್ಡಿಯ ಕಡೆಗೋಲಿನಲ್ಲಿ ಆಗಲೇ ಕಡೆದು ಕೊಡುತ್ತಾರಾ, ಡಬ್ಬಿಯಿಂದ ಸಿಹಿ ಬೆರೆಸಿದ ಪುಡಿ ಸುರಿಯುತ್ತಾರಾ ನೋಡಿ. ‘ಸಿಹಿ ಹಾಕದ ಪುಡಿ ಇದೆಯಾ?’ ಅಂತ ಒಂದು ಪ್ರಶ್ನೆ ಕೇಳಿದರೆ ಸಾಕು, ಎಲ್ಲಾ ಗೊತ್ತಾಗುತ್ತದೆ. ಇಲ್ಲ ಅಂದರೆ ಮಗಳು ಕುಡಿಯುತ್ತಿರೋದು ಹಸಿರು ಬಣ್ಣದ ಸಕ್ಕರೆ ಹಾಲು. ಮೊದಲ ಗುಟುಕಿಗೆ ನನಗೆ ಅದು ಪಾಲಕ್ ಬೇಯಿಸಿದ ನೀರಿನ ಹಾಗೆ ಅನ್ನಿಸಿತು, ಮೂರನೆಯದಕ್ಕೆ ಪರವಾಗಿಲ್ಲ ಅನ್ನಿಸಿತು. ಬೈ ಬೇಡಿ, ಒಮ್ಮೆ ಜೊತೆಗೆ ಹೋಗಿ. ಬೆಂಗಳೂರಿನಲ್ಲಿ ಈ ಥರದ ಎಸಿ ಕೆಫೆಗಳ ಕಾಲ ಶುರುವಾಗಿದ್ದು 1996ರಲ್ಲಿ, ಬ್ರಿಗೇಡ್ ರಸ್ತೆಯ ಮೊದಲ ಕಾಫಿ ಡೇಯಿಂದ. ಬೆಲೆ ನೋಡಿ ನಾವು ದೂರವೇ ಉಳಿದೆವು. ಆದರೆ ಎರಡು ಗಂಟೆ ಕೂತರೂ ಎಬ್ಬಿಸೋಲ್ಲ, ಶೌಚಾಲಯ ಶುಭ್ರ, ಒಬ್ಬಳೇ ಹೋದರೆ ಯಾರಿಗೂ ಆಶ್ಚರ್ಯವಿಲ್ಲ. ಈ ವಿಷಯದಲ್ಲಿ ನಮ್ಮ ಹಳೇ ಹೋಟೆಲುಗಳು ಅವುಗಳಿಂದ ಕಲಿಯಬೇಕಾದ್ದಿದೆ.

ರಕ್ತಹೀನತೆ ಇದ್ದರೆ ಇದನ್ನು ಓದಿ

ಇನ್ನೊಂದು ಮಾತು, ಸ್ವಲ್ಪ ಕಹಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಕಾಫಿ, ಟೀ, ಈ ಹಸಿರು ಪುಡಿ ಮೂರರಲ್ಲೂ ಇರುವ ಒಗರಿನ ಅಂಶ ಊಟದಲ್ಲಿನ ಕಬ್ಬಿಣವನ್ನು ಹಿಡಿದಿಟ್ಟು ಮೈಗೆ ಸೇರದಂತೆ ಮಾಡುತ್ತದೆ. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂತ್ರಗಳಲ್ಲಿ, ಊಟಕ್ಕೆ ಒಂದು ಗಂಟೆ ಮುಂಚೆ ಮತ್ತು ಊಟವಾಗಿ ಒಂದು ಗಂಟೆಯವರೆಗೆ ಕಾಫಿ-ಟೀ ಬೇಡ ಅಂತ ಹೇಳಿದ್ದಾರೆ. ದಿನಕ್ಕೆ ಕೆಫೀನ್ 300 ಮಿಲಿಗ್ರಾಂ ದಾಟಬಾರದು; 150 ಮಿಲಿಲೀಟರ್ ಫಿಲ್ಟರ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್‌ನಲ್ಲಿ 50ರಿಂದ 65 ಇರುತ್ತದೆ ಅಂತಲೂ ಇದೆ. ಮಸಾಲೆ ದೋಸೆ ಆದ ಮೇಲೆ ಕಾಫಿ ಬೇಡ ಅಂದರೆ ಬೆಂಗಳೂರಿನಲ್ಲಿ ಯಾರು ಕೇಳುತ್ತಾರೆ, ನೀವೇ ಹೇಳಿ? ಆರೋಗ್ಯವಾಗಿರುವವರು ತಿಂಗಳಿಗೊಮ್ಮೆ ಹಾಗೆ ಕುಡಿದರೆ ಆಕಾಶ ಬೀಳೋಲ್ಲ. ಆದರೆ ಹಿಮೋಗ್ಲೋಬಿನ್ ಕಡಿಮೆ ಇರುವವರು, ಹೆಚ್ಚು ಮುಟ್ಟು ಹೋಗುವವರು, ಬೆಳೆಯುವ ಹೆಣ್ಣುಮಕ್ಕಳು ತಿಂಡಿ ಬೇರೆ, ಕಾಫಿ ಬೇರೆ ಮಾಡಿಕೊಳ್ಳಿ. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗುವುದಂತೂ ದುಡ್ಡು ದಂಡ. ಬಸುರಿಯರು ಎಷ್ಟು ಕುಡಿಯಬಹುದು ಅನ್ನೋದನ್ನು ಡಾಕ್ಟರಲ್ಲೇ ಕೇಳಿ. ನಾಲ್ಕು ಗಂಟೆಯ ಕಾಫಿ ಒಳ್ಳೆಯದು ಅಂತ ನಾನು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ. ಮಧ್ಯಾಹ್ನದ ಊಟ ಇಳಿದಿರುತ್ತದೆ.

ಕೊನೆಗೆ, ಹೊರಗಿನ ಕಾಫಿ ರುಚಿ ಹತ್ತಿ ಮನೆಯದನ್ನೂ ಹಾಗೇ ಮಾಡಬೇಕು ಅನ್ನಿಸಿದವರಿಗೆ. ಬೀಜ ಹುರಿದು ನಿಮ್ಮೆದುರೇ ಪುಡಿ ಮಾಡಿಕೊಡುವ ಅಂಗಡಿಗೆ ಹೋಗಿ, ಪೀಬೆರಿಯೋ ಪ್ಲಾಂಟೇಶನ್ ಎ ದರ್ಜೆಯೋ ಕೇಳಿ, ಚಿಕೋರಿ ನೂರಕ್ಕೆ ಹತ್ತೋ ಇಪ್ಪತ್ತೋ ನೀವೇ ಹೇಳಿ. ಕಾಲು ಕೆಜಿಗಿಂತ ಜಾಸ್ತಿ ತರಬೇಡಿ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಬೆಳೆಯೋದು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ, ಹಳೇ ಪುಡಿ ಕುಡಿಯುವ ಕರ್ಮ ನಮಗೆ ಯಾಕೆ? ಇನ್ನೂ ಆಸಕ್ತಿ ಇದ್ದರೆ ಬೆಂಗಳೂರಿನ ಕಾಫಿ ಮಂಡಳಿ ‘ಕಾಪಿ ಶಾಸ್ತ್ರ’ ಅಂತ ಕೆಲವು ದಿನಗಳ ತರಬೇತಿ ನಡೆಸುತ್ತದೆ. ಹುರಿಯೋದು, ಬೀಸೋದು, ರುಚಿ ನೋಡೋದು ಎಲ್ಲಾ ಹೇಳಿಕೊಡುತ್ತಾರೆ. ರುಚಿ ನೋಡುವ ಕೆಲಸ ಗಂಡಸರದೇ ಅಂತಿದ್ದ ಕಾಲದಲ್ಲಿ, 1972ರಲ್ಲಿ, ಸುನಾಲಿನಿ ಮೆನನ್ ಇದೇ ಮಂಡಳಿ ಸೇರಿ ಏಷ್ಯಾದ ಮೊದಲ ಮಹಿಳಾ ಕಾಫಿ ಪರೀಕ್ಷಕಿ ಅನ್ನಿಸಿಕೊಂಡರು. ಆಮೇಲೆ ಬೆಂಗಳೂರಿನಲ್ಲೇ ಸ್ವಂತ ಪ್ರಯೋಗಾಲಯ ಕಟ್ಟಿದರು. ದಿನಾ ಹತ್ತು ಲೋಟ ಬೆರೆಸಿ, ಒಂದು ಗುಟುಕಿಗೇ ‘ಇವತ್ತು ಪುಡಿ ಬೇರೆ’ ಅಂತ ಹೇಳುವ ನಿಮ್ಮ ನಾಲಿಗೆಯೇನೂ ಕಡಿಮೆಯದಲ್ಲ.

ಹೊರಡುವ ಮುಂಚೆ ವಾರ ನೋಡಿಕೊಳ್ಳಿ. ಸೋಮವಾರ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಇಲ್ಲ, ಶುಕ್ರವಾರ ವಿದ್ಯಾರ್ಥಿ ಭವನ ಇಲ್ಲ, ಭಾನುವಾರ ಬ್ರಾಹ್ಮಿನ್ಸ್ ಕಾಫಿ ಬಾರ್ ಇಲ್ಲ. ಹಳೇ ಹೋಟೆಲುಗಳು ಮಧ್ಯಾಹ್ನ ಸ್ವಲ್ಪ ಹೊತ್ತು ಬಾಗಿಲು ಹಾಕುವುದೂ ಉಂಟು. ಮನೆಯವರಿಗೆ ಸಂಜೆಯ ಡಿಕಾಕ್ಷನ್ ಬೇಕಲ್ಲ ಅಂತೀರಾ? ಇಳಿಸಿಟ್ಟು ಹೋಗಿ. ಹಾಲು ಫ್ರಿಜ್ಜಿನಲ್ಲಿದೆ, ಸಕ್ಕರೆ ಡಬ್ಬಿ ಎಲ್ಲಿದೆ ಅನ್ನೋದನ್ನ ಒಂದು ಸಲ ತೋರಿಸಿಡಿ.